ಹಾರ ಬಾಡಿದ ಮೇಲೆ ಬನ್ನಿ

(ತಾಲ್ಲೂಕು ಕೇಂದ್ರವೊಂದರ ರೋಟರಿ ಕ್ಲಬ್ ಏರ್ಪಡಿಸಿದ್ದ ಮೂರು ದಿನಗಳ ಆಹಾರ ಮೇಳದ ಉದ್ಘಾಟನೆಯಲ್ಲಿ ಆಡಿದ ಮಾತು)



ಆ ಕಡೆ ಸ್ಟಾಲ್‌ನಲ್ಲಿ ನೀರ್‌ದೋಸೆ ಕಾವಲಿ ಕಾದಿದೆ. ಈ ಕಡೆಯಿಂದ ಅಕ್ಕಿರೊಟ್ಟಿ ಘಮ ಬರ್ತಾ ಇದೆ. ಮಧ್ಯದಲ್ಲಿ ನಾನು ಮೈಕ್ ಹಿಡಿದುಕೊಂಡು ನಿಂತಿದ್ದೀನಿ. ಈ ಮನುಷ್ಯ ಯಾವಾಗ ಮಾತು ಮುಗಿಸ್ತಾನೆ ಅಂತ ನೀವು ಕಾಯ್ತಾ ಇರೋದು ನನಗೆ ಗೊತ್ತು. ಟಿವಿಯಲ್ಲಾದರೆ ನಿಮ್ಮ ಕೈಯಲ್ಲಿ ರಿಮೋಟ್ ಇರುತ್ತೆ, ನನ್ನ ಕೈಯಲ್ಲಿ ‘ಒಂದು ಪುಟ್ಟ ಬ್ರೇಕ್’ ಇರುತ್ತೆ. ಇವತ್ತು ಎರಡೂ ಇಲ್ಲ. ಇಪ್ಪತ್ತು ನಿಮಿಷ ಸಹಿಸಿಕೊಳ್ಳಿ.

ಮೊದಲು ಈ ವೇದಿಕೆ ಮೇಲಿರುವ ಮೂರು ಕುರ್ಚಿಗಳ ಬಗ್ಗೆ ಹೇಳಬೇಕು. ನನ್ನ ಎಡಕ್ಕೆ ಕೂತಿರೋರು ಕ್ಲಬ್ಬಿನ ನಿಕಟಪೂರ್ವ ಅಧ್ಯಕ್ಷರು. ಮಧ್ಯದಲ್ಲಿರೋರು ಈ ಸಾಲಿನ ಅಧ್ಯಕ್ಷರು. ಬಲಕ್ಕೆ ಕೂತಿರೋರು ಬರುವ ಜುಲೈ 1ಕ್ಕೆ ಅಧ್ಯಕ್ಷರಾಗುವವರು. ನಿನ್ನೆ, ಇವತ್ತು, ನಾಳೆ ಮೂರೂ ಒಂದೇ ಸಾಲಿನಲ್ಲಿ ಕೂತಿವೆ. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರೋದು ಈ ಮೂರು ಕುರ್ಚಿಗಳ ನಡುವೆ ಇರುವ ಜಾಗದ ಬಗ್ಗೆ. ಯಾಕಂದ್ರೆ ನಮ್ಮ ನಾಡಿನ ಎಷ್ಟೋ ಒಳ್ಳೆ ಕೆಲಸಗಳು ಆ ಸಂದಿಯಲ್ಲಿ ಬಿದ್ದು ಕಳೆದುಹೋಗಿವೆ.

ಅದಕ್ಕೂ ಮುಂಚೆ ನನ್ನದೊಂದು ತಪ್ಪೊಪ್ಪಿಗೆ.

ಕೆಲವು ವರ್ಷಗಳ ಹಿಂದೆ ಒಂದು ಊರಿನ ಸೇವಾ ಸಂಸ್ಥೆಯವರು ನನ್ನನ್ನು ಕರೆದಿದ್ದರು. ಯಾವ ಊರು, ಯಾವ ಸಂಸ್ಥೆ ಅನ್ನೋದು ಬೇಡ. ಸರ್ಕಾರಿ ಪ್ರೌಢಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿದ್ದರು. ನಾನೇ ರಿಬ್ಬನ್ ಕತ್ತರಿಸಿದೆ. ಹಾರ ಹಾಕಿದರು, ಮೈಸೂರು ಪೇಟ ತೊಡಿಸಿದರು. ಗೋಡೆಗೆ ಕಪ್ಪು ಕಲ್ಲು, ಅದರ ಮೇಲೆ ಚಿನ್ನದ ಬಣ್ಣದಲ್ಲಿ ನನ್ನ ಹೆಸರೂ ಇತ್ತು. ನಮ್ಮ ಚಾನೆಲ್‌ನಲ್ಲಿ ಒಂದೂವರೆ ನಿಮಿಷದ ಸುದ್ದಿ ಬಂತು. ನನಗೆ ಬಹಳ ಖುಷಿಯಾಗಿತ್ತು. ಯಾಕೆ ಸುಳ್ಳು ಹೇಳಲಿ?

ಮೂರು ವರ್ಷ ಆದ ಮೇಲೆ ಚುನಾವಣೆ ವರದಿಗೆ ಅಂತ ಅದೇ ದಾರಿಯಲ್ಲಿ ಹೋಗ್ತಾ ಇದ್ದೆ. ಶಾಲೆ ಕಾಣಿಸಿತು. ಕಾರು ನಿಲ್ಲಿಸಿದೆ. ನನ್ನ ಹೆಸರಿರುವ ಕಲ್ಲು ಹಾಗೇ ಹೊಳೀತಾ ಇತ್ತು. ಅದರ ಪಕ್ಕದ ಬಾಗಿಲಿಗೆ ಬೀಗ ಬಿದ್ದಿತ್ತು. ಕಿಟಕಿಯಿಂದ ಇಣುಕಿದರೆ ಒಳಗೆ ಮುರಿದ ಬೆಂಚು, ಹಳೇ ಉತ್ತರಪತ್ರಿಕೆಗಳ ಕಟ್ಟು. ಮುಖ್ಯ ಶಿಕ್ಷಕಿಯನ್ನು ಕೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಸಮಾಧಾನವಾಗಿ ಹೇಳಿದರು: “ಸಾರ್, ನೀವು ಬಂದು ಹೋಗಿ ಏಳು ತಿಂಗಳಿಗೆ ಮೋಟಾರು ಸುಟ್ಟುಹೋಯ್ತು. ನೀರಿಲ್ಲದೆ ಕಕ್ಕಸು ನಡೆಸೋದು ಹೇಗೆ? ಸಂಸ್ಥೆಗೆ ಪತ್ರ ಬರೆದೆವು. ಅಷ್ಟರಲ್ಲಿ ಅಲ್ಲಿ ಅಧ್ಯಕ್ಷರು ಬದಲಾಗಿದ್ದರು. ಹೊಸಬರು ಗಿಡ ನೆಡೋ ಯೋಜನೆಯಲ್ಲಿದ್ದರು.”

ಮೋಟಾರು ರಿಪೇರಿಗೆ ಎಷ್ಟು ಬೇಕಿತ್ತು ಅಂತ ಕೇಳಿದೆ. ಅವರು ಹೇಳಿದ ಮೊತ್ತ ಅವತ್ತು ನನಗೆ ಹಾಕಿದ ಹಾರ, ತೊಡಿಸಿದ ಪೇಟ, ಊರತುಂಬ ಕಟ್ಟಿದ ಫ್ಲೆಕ್ಸುಗಳ ಖರ್ಚಿಗಿಂತ ಕಡಿಮೆ ಇತ್ತು.

ಆ ಎರಡೂವರೆ ವರ್ಷ ಆ ಶಾಲೆಯ ಹೆಣ್ಣುಮಕ್ಕಳು ಏನು ಮಾಡಿದರು? ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಆ ಸಂಸ್ಥೆಯವರನ್ನು ಬೈಯೋದು ಸುಲಭ. ಆದರೆ ಯೋಚನೆ ಮಾಡಿ, ನಾನು ಏನು ಮಾಡಿದ್ದೆ? ರಿಬ್ಬನ್ ಕತ್ತರಿಸಿದ ದಿನ ಕ್ಯಾಮೆರಾ ಕರೆದುಕೊಂಡು ಹೋಗಿದ್ದೆ. ಮೋಟಾರು ಸುಟ್ಟ ದಿನ ಎಲ್ಲಿದ್ದೆ? ಉದ್ಘಾಟನೆ ನಮಗೆ ಸುದ್ದಿ. ನಿರ್ವಹಣೆ ಸುದ್ದಿ ಅಲ್ಲ. ನಾವು ತೋರಿಸಿದ್ದನ್ನೇ ನೀವು ಮಾಡ್ತೀರಿ, ನೀವು ಮಾಡಿದ್ದನ್ನೇ ನಾವು ತೋರಿಸ್ತೀವಿ. ಇಬ್ಬರೂ ಪಾಲುದಾರರೇ.

ಶೌಚಾಲಯದ ಮಾತು ಊಟದ ಮೇಳದಲ್ಲಿ ಯಾಕೆ ಅಂತ ಕೆಲವರಿಗೆ ಮುಜುಗರ ಆಗ್ತಿರಬಹುದು. ಸ್ವಾಮಿ, ನಿಮ್ಮ ಸಂಸ್ಥೆ ಜಗತ್ತಿನಲ್ಲಿ ಕೈಗೆತ್ತಿಕೊಂಡ ಮೊಟ್ಟಮೊದಲ ಊರಿನ ಕೆಲಸ ಯಾವುದು ಗೊತ್ತಾ? ಸಾರ್ವಜನಿಕ ಶೌಚಾಲಯ!

1905ರ ಫೆಬ್ರವರಿ 23. ಅಮೆರಿಕದ ಶಿಕಾಗೋ. ಪೌಲ್ ಹ್ಯಾರಿಸ್ ಅನ್ನೋ ವಕೀಲರು ಮೂವರು ಪರಿಚಯಸ್ಥರ ಜತೆ ಒಂದು ಆಫೀಸಿನಲ್ಲಿ ಸೇರಿದರು. ಒಬ್ಬರು ಗಣಿ ಎಂಜಿನಿಯರ್, ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಇನ್ನೊಬ್ಬರು ಬಟ್ಟೆ ಹೊಲಿಸಿ ಮಾರುವವರು. ದೊಡ್ಡ ಊರಿನಲ್ಲಿ ಒಂಟಿತನ ಕಾಡ್ತಾ ಇತ್ತು, ಸ್ನೇಹ ಬೇಕಿತ್ತು, ಜತೆಗೆ ಒಂದಿಷ್ಟು ವ್ಯವಹಾರವೂ ಕುದುರಲಿ ಅನ್ನೋ ಆಸೆ ಇತ್ತು. ಒಂದು ಸಲ ಒಬ್ಬರ ಆಫೀಸು, ಮುಂದಿನ ಸಲ ಇನ್ನೊಬ್ಬರದು. ಹೀಗೆ ಸರದಿಯಂತೆ ಸುತ್ತುತ್ತಾ ಸೇರುತ್ತಿದ್ದರಿಂದ ರೋಟರಿ ಅಂತ ಹೆಸರು ಬಂತು. ಎರಡು ವರ್ಷ ಕಳೆಯುವುದರೊಳಗೆ ಅವರಿಗೆ ಅನ್ನಿಸಿತು, ನಾವು ನಾವೇ ಕೂತು ಊಟ ಮಾಡಿದರೆ ಸಾಲದು, ಊರಿಗೆ ಏನಾದರೂ ಮಾಡಬೇಕು. 1907ರಲ್ಲಿ ಕೈ ಹಾಕಿದ್ದೇ ನಗರದ ಮಧ್ಯಭಾಗದಲ್ಲಿ ಸಾರ್ವಜನಿಕ ಶೌಚಾಲಯಕ್ಕೆ. ಅದಕ್ಕೆ ಯಾರು ಅಡ್ಡ ಬಂದರು ಕೇಳಿ. ಬಿಯರ್ ತಯಾರಕರು ಮತ್ತು ದೊಡ್ಡ ಅಂಗಡಿಗಳ ಮಾಲೀಕರು. ಯಾಕೆ? ಶೌಚಕ್ಕೆ ಜಾಗ ಬೇಕು ಅಂದ್ರೆ ಜನ ಅವರ ಬಾರಿಗೋ ಅಂಗಡಿಗೋ ಬರಲೇಬೇಕಿತ್ತು. ಬಂದವರು ಏನಾದರೂ ಕೊಳ್ಳುತ್ತಿದ್ದರು. ಆ ವಿರೋಧವನ್ನೂ ದಾಟಿ ಕೆಲಸ ಆಯ್ತು.

ಈಗ ನೀವೇ ಹೇಳಿ. ನಮ್ಮ ತಾಲ್ಲೂಕು ಬಸ್ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು ಸಂಜೆ ಏಳರ ಬಸ್ಸಿಗೆ ಕಾಯ್ತಾ ಇದ್ದಾಳೆ ಅಂದ್ರೆ ಅವಳ ಕಷ್ಟ ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಶಿಕಾಗೋದವಳ ಕಷ್ಟಕ್ಕಿಂತ ಬೇರೆಯಾ? ಸೇವೆ ಅನ್ನೋದು ಮುಜುಗರದ ಜಾಗದಲ್ಲೇ ಶುರುವಾಗುತ್ತೆ. ಹೂಗುಚ್ಛ ಇಡುವ ಮೇಜಿನ ಮೇಲಲ್ಲ.

ಹಾಗಂತ ಕ್ಲಬ್ಬುಗಳು ಬರೀ ಫೋಟೋಕ್ಕೆ ಅಂತ ನಾನು ಹೇಳ್ತಾ ಇಲ್ಲ. ಹೇಳಿದರೆ ನನ್ನ ನಾಲಿಗೆ ನನ್ನನ್ನೇ ಕಚ್ಚುತ್ತೆ. ಕಾರಣ ಹೇಳ್ತೀನಿ ಕೇಳಿ.

ಪ್ರಾಥಮಿಕ ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಒಬ್ಬ ಗೆಳೆಯ ಕೂರ್ತಾ ಇದ್ದ. ಒಂದು ಕಾಲಿಗೆ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು. ದಿನಾ ಬೆಳಿಗ್ಗೆ ಅವನಪ್ಪ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದು, ಎತ್ತಿ ಬೆಂಚಿನ ಮೇಲೆ ಇಟ್ಟು ಹೋಗೋರು. ನಾವು ಕ್ರಿಕೆಟ್ ಆಡುವಾಗ ಅವನು ಬೇವಿನ ಮರದ ಕೆಳಗೆ ಕೂತು ಸ್ಕೋರ್ ಬರೀತಾ ಇದ್ದ. ವರ್ಷಪೂರ್ತಿ ಅವನೇ ಸ್ಕೋರರ್. ಒಂದು ದಿನ ನಾವು ಯಾರೂ ಅವನಿಗೆ ಬ್ಯಾಟ್ ಕೊಡಲಿಲ್ಲ. ಅವನಿಗೆ ಬ್ಯಾಟ್ ಮಾಡೋಕೆ ಆಗಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೆವು. ಅದು ನನಗೆ ಇವತ್ತಿಗೂ ಚುಚ್ಚುತ್ತೆ. ನನ್ನ ಕಾಲದ ಪ್ರತಿ ಶಾಲೆಯಲ್ಲೂ ಅಂಥವನೊಬ್ಬ, ಅಂಥವಳೊಬ್ಬಳು ಇರ್ತಾ ಇದ್ದರು. ಮೊನ್ನೆ ನನ್ನ ಮಗ ಕೇಳಿದ: “ಅಪ್ಪ, ಪೋಲಿಯೋ ಅಂದ್ರೆ ಏನು?” ನಾನು ಒಂದು ಕ್ಷಣ ಸುಮ್ಮನಾದೆ. ಒಂದು ಕಾಯಿಲೆಗೆ ಇದಕ್ಕಿಂತ ದೊಡ್ಡ ಸೋಲು ಇದೆಯೇನ್ರೀ? ಅದರ ಹೆಸರೇ ಮಕ್ಕಳಿಗೆ ಗೊತ್ತಿಲ್ಲ!

ಆ ಸೋಲಿನ ಹಿಂದೆ ನಿಮ್ಮ ಕ್ಲಬ್ಬಿನ ಪಾಲು ಇದೆ. 1985ರಲ್ಲಿ ರೋಟರಿ ‘ಪೋಲಿಯೋ ಪ್ಲಸ್’ ಅನ್ನೋ ಅಭಿಯಾನ ಶುರು ಮಾಡಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲ ಜತೆಗೂಡಿ ಜಾಗತಿಕ ನಿರ್ಮೂಲನಾ ಕಾರ್ಯಕ್ರಮ ಆಯ್ತು. ಆಗ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳನ್ನು ಪೋಲಿಯೋ ಹಿಡಿಯುತ್ತಿತ್ತು. ನಮ್ಮಲ್ಲಿ 1995ರಲ್ಲಿ ದೇಶಾದ್ಯಂತ ಪಲ್ಸ್ ಪೋಲಿಯೋ ಬಂತು. ಭಾನುವಾರ ಬೆಳಿಗ್ಗೆ ಬೂತ್, ಎರಡು ಹನಿ, ಎಡಗೈ ಕಿರುಬೆರಳಿಗೆ ಶಾಯಿ. ಬೂತಿಗೆ ಬರದ ಮಗುವನ್ನು ಹುಡುಕಿಕೊಂಡು ಮನೆ ಮನೆಗೆ. ಎಲ್ಲ ಮಕ್ಕಳಿಗೂ ಹನಿ ಹಾಕಿದ್ದರೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ಪಿ’, ಒಂದು ಮಗು ತಪ್ಪಿದ್ದರೂ ‘ಎಕ್ಸ್’. ಎಕ್ಸ್ ಇದ್ದ ಮನೆಗೆ ಮತ್ತೆ ಹೋಗಬೇಕು. ಮತ್ತೆ, ಮತ್ತೆ. ಒಂದು ಸುತ್ತಿನಲ್ಲಿ ಸುಮಾರು 17 ಕೋಟಿ ಮಕ್ಕಳು, 23 ಲಕ್ಷ ಲಸಿಕೆ ಹಾಕುವವರು. ರೈಲು ನಿಲ್ದಾಣ, ಬಸ್ ನಿಲ್ದಾಣ, ಇಟ್ಟಿಗೆ ಗೂಡು ಯಾವುದನ್ನೂ ಬಿಡಲಿಲ್ಲ.

ಇದನ್ನೆಲ್ಲ ರೋಟರಿಯೊಂದೇ ಮಾಡಿತು ಅಂತ ಹೇಳಿದರೆ ಅದು ಅನ್ಯಾಯ. ಸರ್ಕಾರದ ದುಡ್ಡು, ಸರ್ಕಾರದ ವ್ಯವಸ್ಥೆ, ಆಶಾ ಕಾರ್ಯಕರ್ತೆಯರ, ಅಂಗನವಾಡಿ ಅಕ್ಕಂದಿರ ಸವೆದ ಚಪ್ಪಲಿ. ಅವರ ಕಾಲಿಗೆ ಮೊದಲ ನಮಸ್ಕಾರ. ಕ್ಲಬ್ಬಿನವರು ಹಣ ಕೂಡಿಸಿದರು, ಬೂತಿನಲ್ಲಿ ಕೂತರು. ಪಶ್ಚಿಮ ಉತ್ತರಪ್ರದೇಶದಲ್ಲಿ ಹನಿಯ ಬಗ್ಗೆ ಗಾಳಿಸುದ್ದಿ ಹರಡಿ ಜನ ಬಾಗಿಲು ಹಾಕಿಕೊಂಡಾಗ ರೋಟರಿಯವರು ಅಲ್ಲಿನ ಮೌಲ್ವಿಗಳದ್ದೇ ಒಂದು ಸಮಿತಿ ಮಾಡಿ ಅವರಿಂದಲೇ ಮಾತಾಡಿಸಿದರು. ನಂಬಿಕೆ ಇರುವವರ ಬಾಯಿಂದ ಬಂದಾಗ ಮಾತು ಮನೆಯೊಳಗೆ ಹೋಯ್ತು.

ಅಂಕಿ ಕೇಳಿ. 2009ರಲ್ಲಿ ಭಾರತದಲ್ಲಿ 741 ಪ್ರಕರಣ. ಇಡೀ ಜಗತ್ತಿನ ಪ್ರಕರಣಗಳಲ್ಲಿ ಹತ್ತಿರ ಹತ್ತಿರ ಅರ್ಧ ನಮ್ಮದೇ! ಇದು ಆಗುವ ಕೆಲಸ ಅಲ್ಲ, ಕೈಬಿಡಿ ಅಂತ ಹೇಳಿದವರಿದ್ದರು. 2010ರಲ್ಲಿ 42. 2011ರಲ್ಲಿ ಒಂದೇ ಒಂದು. ಆ ವರ್ಷ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗು. ಅದಾದ ಮೇಲೆ ಸೊನ್ನೆ. 2014ರ ಮಾರ್ಚ್ 27ರಂದು ನಮ್ಮ ವಲಯ ಪೋಲಿಯೋ ಮುಕ್ತ ಅನ್ನೋ ಪ್ರಮಾಣಪತ್ರ ಬಂತು.

ಈಗ ಮೂರು ಕುರ್ಚಿಗಳಿಗೆ ವಾಪಸ್ ಬರೋಣ. 1985ರಿಂದ 2014ರವರೆಗೆ ಜಾಗತಿಕ ರೋಟರಿಯಲ್ಲಿ ವರ್ಷಕ್ಕೊಬ್ಬರಂತೆ 29 ಮಂದಿ ಅಧ್ಯಕ್ಷರು ಬಂದು ಹೋದರು. ಪ್ರತಿಯೊಬ್ಬರಿಗೂ ಅವರವರದ್ದೇ ಕನಸು, ಅವರವರದ್ದೇ ಘೋಷವಾಕ್ಯ ಇದ್ದವು. ಆದರೆ ಒಬ್ಬರೂ ‘ಪೋಲಿಯೋ ಹಿಂದಿನವರ ಯೋಜನೆ, ನಾನು ಬೇರೇನೋ ಮಾಡ್ತೀನಿ’ ಅನ್ನಲಿಲ್ಲ. 2012ರ ಫೆಬ್ರವರಿಯಲ್ಲಿ ಪೋಲಿಯೋ ಪೀಡಿತ ದೇಶಗಳ ಪಟ್ಟಿಯಿಂದ ಭಾರತದ ಹೆಸರು ತೆಗೆದಾಗ ರೋಟರಿಯ ಅಂತಾರಾಷ್ಟ್ರೀಯ ಅಧ್ಯಕ್ಷರು ಒಬ್ಬ ಭಾರತೀಯರೇ, ಗುಜರಾತಿನ ವಾಪಿಯ ಕಲ್ಯಾಣ್ ಬ್ಯಾನರ್ಜಿ. ಬೀಜ ಬಿತ್ತಿದವರು ಬೇರೆ, ನೀರೆರೆದವರು ಬೇರೆ, ಹಣ್ಣು ಉದುರಿದಾಗ ಮರದ ಕೆಳಗಿದ್ದವರು ಬೇರೆ. ಹಣ್ಣು ಮಾತ್ರ ಎಲ್ಲರದ್ದು.

ಅಂದ್ರೆ ವರ್ಷಕ್ಕೊಬ್ಬ ಅಧ್ಯಕ್ಷ ಅನ್ನೋ ಪದ್ಧತಿಯಲ್ಲಿ ದೋಷ ಇಲ್ಲ. ಅದೇ ಪದ್ಧತಿ ಒಂದು ಶಾಲೆಯ ಮೋಟಾರು ರಿಪೇರಿ ಮಾಡಿಸಲಿಲ್ಲ, ಅದೇ ಪದ್ಧತಿ ಒಂದು ಕಾಯಿಲೆಯನ್ನು ದೇಶದಿಂದ ಓಡಿಸಿತು. ವ್ಯತ್ಯಾಸ ಎಲ್ಲಿದೆ? ಎಕ್ಸ್ ಬರೆದ ಬಾಗಿಲಿಗೆ ಮತ್ತೆ ಹೋಗಿ ತಟ್ಟುವುದರಲ್ಲಿ ಇದೆ. ಆ ಶಾಲೆಯ ಬಾಗಿಲ ಮೇಲೆ ನಾವು ಯಾರೂ ಎಕ್ಸ್ ಬರೆಯಲೇ ಇಲ್ಲ. ಕಲ್ಲು ಹಾಕಿ, ಕೆಲಸ ಮುಗೀತು ಅಂತ ‘ಪಿ’ ಬರೆದು ಬಂದುಬಿಟ್ಟೆವು.

ಹಾಗಾಗಿ ನಿಮ್ಮಲ್ಲಿ ಮೂರು ಮಾತು ಕೇಳಿಕೊಳ್ತೀನಿ. ಬುದ್ಧಿವಾದ ಅಲ್ಲ, ಕೋರಿಕೆ.

ಮೊದಲನೆಯದು ಈ ಮೇಳದ ದುಡ್ಡಿನದ್ದು. ಇವತ್ತು ಇಲ್ಲಿಗೆ ಬಂದವರು ಒಂದು ಪ್ಲೇಟ್ ಚುರುಮುರಿಗೆ ಹೊರಗಿನ ಬೆಲೆಗಿಂತ ಹತ್ತು ರೂಪಾಯಿ ಜಾಸ್ತಿ ಕೊಡ್ತಾರೆ. ಲಕ್ಕಿ ಡಿಪ್ ಚೀಟಿ ಕೊಳ್ತಾರೆ, ಬಹುಮಾನ ಬರಲ್ಲ ಅಂತ ಗೊತ್ತಿದ್ದೂ ಕೊಳ್ತಾರೆ. ಯಾಕೆ? ಒಳ್ಳೆ ಕೆಲಸಕ್ಕೆ ಹೋಗುತ್ತೆ ಅನ್ನೋ ನಂಬಿಕೆ. ಲಯನ್ಸ್ ಕ್ಲಬ್ಬಿನವರಲ್ಲಿ ಒಂದು ಒಳ್ಳೆ ನಿಯಮ ಇದೆ. ಆಡಳಿತದ ಖಾತೆ ಬೇರೆ, ಸೇವೆಯ ಖಾತೆ ಬೇರೆ. ಜನರಿಂದ ಎತ್ತಿದ ಹಣ ಜನರಿಗೇ ಹೋಗಬೇಕು, ಸದಸ್ಯರ ಊಟ-ಉಪಚಾರಕ್ಕೆ ಅದರಿಂದ ಒಂದು ಪೈಸೆ ಮುಟ್ಟುವ ಹಾಗಿಲ್ಲ. ಎಲ್ಲ ಮೇಳಗಳಿಗೂ ಈ ನಿಯಮ ಇರಲಿ. ಮೇಳ ಮುಗಿದ ಹದಿನೈದು ದಿನದೊಳಗೆ ಬಂದಿದ್ದೆಷ್ಟು, ಶಾಮಿಯಾನಕ್ಕೆ ಎಷ್ಟು, ಉಳಿದಿದ್ದೆಷ್ಟು ಅಂತ ಒಂದು ಹಾಳೆ ಬರೆದು ತಾಲ್ಲೂಕು ಕಚೇರಿ ಎದುರು ಅಂಟಿಸಿ. ಅದಕ್ಕಿಂತ ಒಳ್ಳೆ ಫ್ಲೆಕ್ಸು ಬೇರೆ ಇಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಮೇಳದಲ್ಲಿ ಉಳಿಯುವ ಪ್ರತಿ ಹತ್ತು ರೂಪಾಯಿಯಲ್ಲಿ ಎರಡು ರೂಪಾಯಿಯನ್ನು ಹಳೇ ಕೆಲಸಗಳ ರಿಪೇರಿಗೆ ಅಂತಲೇ ಎತ್ತಿಡಿ. ಹೊಸ ಅಧ್ಯಕ್ಷರು ಯಾರೇ ಬರಲಿ, ಆ ದುಡ್ಡನ್ನು ಹೊಸ ಯೋಜನೆಗೆ ಮುಟ್ಟಬಾರದು. ಚಿಕ್ಕ ಮೊತ್ತ ಅಂತ ನಗಬೇಡಿ. 1917ರಲ್ಲಿ ಆರ್ಚ್ ಕ್ಲಂಫ್ ಅನ್ನೋ ಅಧ್ಯಕ್ಷರು ಒಂದು ನಿಧಿ ಬೇಕು ಅಂದರು. ಅದಕ್ಕೆ ಬಂದ ಮೊದಲ ದೇಣಿಗೆ ಕಾನ್ಸಾಸ್ ಸಿಟಿ ಕ್ಲಬ್ಬಿನದ್ದು, 26 ಡಾಲರ್ 50 ಸೆಂಟ್. ಒಂದು ಸಮ್ಮೇಳನದ ಖರ್ಚು ಕಳೆದು ಉಳಿದ ಚಿಲ್ಲರೆ! ಇವತ್ತಿನ ರೋಟರಿ ಫೌಂಡೇಶನ್ ಅಲ್ಲಿಂದ ಶುರುವಾಗಿದ್ದು. ಪೋಲಿಯೋ ಒಂದಕ್ಕೇ ರೋಟರಿ ಕೊಟ್ಟಿರೋದು 200 ಕೋಟಿ ಡಾಲರ್‌ಗೂ ಹೆಚ್ಚು.

ಎರಡನೆಯದು ವಿನಿಮಯದ್ದು. ನಿಮ್ಮ ಕ್ಲಬ್ಬಿನಿಂದ ಮಕ್ಕಳು ವಿದೇಶಕ್ಕೆ ಹೋಗ್ತಾರೆ, ಅಲ್ಲಿನ ಮಕ್ಕಳು ಇಲ್ಲಿಗೆ ಬರ್ತಾರೆ. ಇದು ಸಣ್ಣ ವಿಷಯ ಅಲ್ಲ. 1927ರಲ್ಲಿ ಫ್ರಾನ್ಸಿನ ನೀಸ್ ಕ್ಲಬ್ಬಿನವರು ಶುರು ಮಾಡಿದ ಪರಂಪರೆ ಅದು. ಮೊದಲ ಮಹಾಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ಕಾಲ. ಒಂದು ದೇಶದ ಮಗು ಇನ್ನೊಂದು ದೇಶದ ಮನೆಯಲ್ಲಿ ಮಗನಾಗಿ, ಮಗಳಾಗಿ ಉಂಡು ಮಲಗಿದರೆ ನಾಳೆ ದೊಡ್ಡವರಾದಾಗ ಆ ದೇಶವನ್ನು ದ್ವೇಷಿಸೋದು ಕಷ್ಟ. ನನ್ನ ಸ್ನೇಹಿತನ ಮನೆಗೆ ಜರ್ಮನಿಯ ಹುಡುಗಿಯೊಬ್ಬಳು ಬಂದಿದ್ದಳು. ಮೊದಲ ದಿನ ಮುದ್ದೆಯನ್ನು ಅಗಿಯೋಕೆ ನೋಡಿ ಒದ್ದಾಡಿದಳಂತೆ. ಹೊರಡುವ ದಿನ ಮುದ್ದೆ ನುಂಗಿ, ಸ್ನೇಹಿತನ ತಾಯಿಯನ್ನು ತಬ್ಬಿಕೊಂಡು “ಅಜ್ಜಿ, ಹೋಗಿ ಬರ್ತೀನಿ” ಅಂದಳಂತೆ. ‘ಹೋಗ್ತೀನಿ’ ಅನ್ನಲಿಲ್ಲ ನೋಡಿ. ಅದನ್ನು ಯಾವ ಪಠ್ಯಪುಸ್ತಕ ಕಲಿಸುತ್ತೆ?

ಆದರೆ ಒಂದು ಪ್ರಶ್ನೆ. ಇಲ್ಲಿಂದ ಹೋಗುವ ಮಕ್ಕಳು ಯಾರು? ಟಿಕೆಟ್ ದುಡ್ಡು ಹೊಂದಿಸಬಲ್ಲ, ಬರುವ ಮಗುವಿಗೆ ಬೇರೆ ಕೋಣೆ ಕೊಡಬಲ್ಲ ಮನೆಯವರು. ಅದು ತಪ್ಪಲ್ಲ. ಆದರೆ ಸರ್ಕಾರಿ ಶಾಲೆಯ ಮಗುವಿಗೂ ಒಂದು ವಿನಿಮಯ ಬೇಡವಾ? ಅದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಬೀದರದ ಮಗು ಹದಿನೈದು ದಿನ ಮಂಗಳೂರಿನ ಮನೆಯಲ್ಲಿ ಇರಲಿ, ಸಮುದ್ರ ನೋಡಲಿ. ಕರಾವಳಿಯ ಮಗು ರಾಯಚೂರಿನ ಬಿಸಿಲಲ್ಲಿ ಜೋಳದ ರೊಟ್ಟಿ ಬಡಿಯೋದು ಕಲೀಲಿ. ಒಂದೇ ನಾಡಿನಲ್ಲಿ ಇದ್ದುಕೊಂಡು ನಾವು ಒಬ್ಬರ ಮಾತನ್ನು ಒಬ್ಬರು ಗೇಲಿ ಮಾಡ್ತೀವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಮದ್ದಿಲ್ಲ. ಕ್ಲಬ್ಬುಗಳು ಎಲ್ಲ ಜಿಲ್ಲೆಯಲ್ಲೂ ಇವೆ. ಫೋನ್ ಎತ್ತಿದರೆ ಸಾಕು.

ಮೂರನೆಯದು, ತಪಾಸಣೆ. ವರ್ಷಕ್ಕೊಂದು ದಿನ ಹೊಸದನ್ನು ಏನೂ ಉದ್ಘಾಟಿಸಬೇಡಿ. ಹಿಂದಿನ ಹತ್ತು ವರ್ಷದ ಪಟ್ಟಿ ಹಿಡಿದುಕೊಂಡು ಹೊರಡಿ. ಕೊಟ್ಟ ಹೊಲಿಗೆ ಯಂತ್ರ ಓಡ್ತಾ ಇದೆಯಾ? ಕೂರಿಸಿದ ನೀರಿನ ಘಟಕದಲ್ಲಿ ನೀರು ಬರ್ತಾ ಇದೆಯಾ? ಕಣ್ಣಿನ ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡ ಅಜ್ಜಿಗೆ ಈಗ ಅಕ್ಕಿಯಲ್ಲಿ ಕಲ್ಲು ಕಾಣ್ತಾ ಇದೆಯಾ? ಈ ಸಮಿತಿಯನ್ನು ಹೆಣ್ಣುಮಕ್ಕಳ ಕೈಗೆ ಕೊಡಿ ಅನ್ನೋದು ನನ್ನ ಆಸೆ. 1989ರವರೆಗೆ ರೋಟರಿಯ ನಿಯಮಾವಳಿಯಲ್ಲಿ ಸದಸ್ಯತ್ವ ಗಂಡಸರಿಗೆ ಮಾತ್ರ ಅಂತ ಇತ್ತು. ಅಂತಾರಾಷ್ಟ್ರೀಯ ಅಧ್ಯಕ್ಷ ಸ್ಥಾನಕ್ಕೆ ಮೊದಲ ಮಹಿಳೆ, ಕೆನಡಾದ ಜೆನಿಫರ್ ಜೋನ್ಸ್, ಬಂದಿದ್ದು 2022ರಲ್ಲಿ. ಇವತ್ತೂ ನೋಡಿ, ವೇದಿಕೆ ಮೇಲೆ ಗಂಡಸರು, ಸ್ಟಾಲ್‌ನಲ್ಲಿ ಹೆಂಗಸರು! ಆ ಶಾಲೆಯ ಬಾಗಿಲಿಗೆ ಬೀಗ ಬಿದ್ದ ಸುದ್ದಿ ಊರಿನ ತಾಯಂದಿರಿಗೆಲ್ಲ ಗೊತ್ತಿತ್ತು. ಅವರನ್ನು ಕೇಳುವವರು ಇರಲಿಲ್ಲ, ಅಷ್ಟೇ.

ನನ್ನ ಪಾಲಿನ ಕೆಲಸವನ್ನೂ ಹೇಳಿಬಿಡ್ತೀನಿ. ಆ ಶಾಲೆಯ ಮೋಟಾರನ್ನು ನಾನೇ ರಿಪೇರಿ ಮಾಡಿಸಿದೆ. ಇದು ದೊಡ್ಡಸ್ತಿಕೆ ಅಲ್ಲ, ಬಾಕಿ ತೀರಿಸಿದ್ದು. ಅವತ್ತು ಕ್ಯಾಮೆರಾ ತಗೊಂಡು ಹೋಗಲಿಲ್ಲ. ಬಾಗಿಲು ತೆಗೆದಾಗ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಓಡಿ ಬಂದು ನಲ್ಲಿ ತಿರುಗಿಸಿ ನೋಡಿದಳು. ನೀರು ಬಂತು. ಅವಳು ನನ್ನ ಮುಖ ನೋಡಿ ಕೇಳಿದಳು: “ಸಾರ್, ನಾಳೆನೂ ಬರುತ್ತಾ?”

ಅಧ್ಯಕ್ಷರೇ, ಮಾಜಿ ಅಧ್ಯಕ್ಷರೇ, ನಾಳಿನ ಅಧ್ಯಕ್ಷರೇ, ನಿಮ್ಮ ಮೂವರಿಗೂ ನಾನು ತಂದಿರೋದು ಆ ಮಗುವಿನ ಪ್ರಶ್ನೆ. ನೀರು ಇವತ್ತು ಬಂತು, ಚಪ್ಪಾಳೆ ಹೊಡೆದೆವು. ನಾಳೆನೂ ಬರುತ್ತಾ?

ಮುಂದಿನ ವರ್ಷ ಈ ಮೇಳಕ್ಕೆ ನನ್ನನ್ನು ಮತ್ತೆ ಕರೀರಿ. ಹಾರ ಬೇಡ, ಪೇಟ ಬೇಡ. ಈ ವರ್ಷದ ದುಡ್ಡಿನಲ್ಲಿ ಏನು ಮಾಡಿದ್ರೋ ಆ ಜಾಗಕ್ಕೆ ಕರೆದುಕೊಂಡು ಹೋಗಿ. ಆವಾಗ ಕ್ಯಾಮೆರಾ ತರ್ತೀನಿ. ನೀರು ಬರ್ತಾ ಇದ್ದರೆ ಅದೇ ಅವತ್ತಿನ ನನ್ನ ಹೆಡ್‌ಲೈನ್.

ಈಗ ಹೋಗೋಣ, ದೋಸೆ ಆರಿಹೋಗುತ್ತೆ.